ಟೆರೇಸ್ ಮೇಲಿನ ಗಿಡ್ಡ ಟೊಮೆಟೊ: ನೀರು ಯಾವಾಗ, ಗೊಬ್ಬರ ಎಷ್ಟು

ಗಿಡ್ಡ ತಳಿ ಟೊಮೆಟೊ, ಅಂದ್ರೆ ಬೀಜದ ಪ್ಯಾಕೆಟ್ ಮೇಲೆ ಡಿಟರ್ಮಿನೇಟ್ ಅಂತ ಬರೆದಿರ್ತಾರಲ್ಲ ಅದು, ಎರಡೂವರೆ ಮೂರಡಿ ಬೆಳೆದು ಕುಡಿ ತುದಿಯಲ್ಲೇ ಹೂಗೊಂಚಲು ಬಿಟ್ಟು ನಿಂತುಬಿಡುತ್ತೆ, ಆಮೇಲೆ ಇದ್ದಬದ್ದ ಕಾಯೆಲ್ಲ ಮೂರ್ನಾಲ್ಕು ವಾರದೊಳಗೆ ಒಟ್ಟಿಗೆ ಹಣ್ಣಾಗಿ ಮುಗೀತು. ರೋಮಾ ಅಂತ ಉದ್ದುದ್ದ ಹಣ್ಣಿನ ತಳಿ ಸಿಗುತ್ತಲ್ಲ, ಅದು ಈ ಜಾತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಹೆಚ್‌ಆರ್‌ನವರ ಅರ್ಕಾ ರಕ್ಷಕ್ ಅರೆ-ಗಿಡ್ಡ, ಸ್ವಲ್ಪ ಎತ್ತರ ಹೋಗುತ್ತೆ, ಆದ್ರೂ ಗ್ರೋ ಬ್ಯಾಗಿಗೆ (ಗಿಡ ಬೆಳೆಸೋ ಚೀಲ) ಒಗ್ಗುತ್ತೆ, ಎಲೆ ಮುದುರೋ ಮುಟುರು ರೋಗ, ಗಿಡ ಬಾಡಿಸೋ ಸೊರಗು ರೋಗ, ಎಲೆ ಸುಟ್ಟಂಗಾಗೋ ಅಂಗಮಾರಿ ಮೂರನ್ನೂ ತಡೆಯೋ ಹಾಗೆ ಮಾಡಿರೋ ತಳಿ ಅದು. ಬಳ್ಳಿ ಥರ ಉದ್ದಕ್ಕೆ ಹೋಗೋ ಟೊಮೆಟೊ ಆದ್ರೆ ನಡುವೆ ಎರಡು ವಾರ ಸೊರಗಿದ್ರೂ ಹೊಸ ಕುಡಿ ಹೊಡ್ಕೊಂಡು ಸುಧಾರಿಸ್ಕೊಳ್ಳುತ್ತೆ. ಗಿಡ್ಡ ತಳಿಗೆ ಅಷ್ಟು ಪುರುಸೊತ್ತಿಲ್ಲ, ನಾಟಿ ಆದ್ಮೇಲೆ 25-30 ದಿನಕ್ಕೆ ಹೂ, 60-70 ದಿನಕ್ಕೆ ಮೊದಲ ಹಣ್ಣು, ಗಿಡ ಬಾಡಿದ್ರೂ ಸೊರಗಿದ್ರೂ ಅದು ತನ್ನ ಟೈಮಿಗೆ ಹೂ ಬಿಟ್ಟೇಬಿಡುತ್ತೆ, ಆಗ ಗಿಡ ಒಂದಡಿ ಇದ್ರೆ ಒಂದಡಿಗೆ ತಕ್ಕ ಹಾಗೆ ಎಂಟ್ಹತ್ತು ಕಾಯಿ ಅಷ್ಟೆ. ಅದಕ್ಕೇ ನಾಟಿ ಮಾಡಿದ ಮೊದಲ ಒಂದು ತಿಂಗಳ ನೀರು ಗೊಬ್ಬರವೇ ಇಲ್ಲಿ ಎಲ್ಲಾ ತೀರ್ಮಾನ ಮಾಡೋದು, ಕಾಯಿ ಕಚ್ಚಿದ ಮೇಲೆ ಏನ್ ಸರ್ಕಸ್ ಮಾಡಿದ್ರೂ ಗಿಡ ದೊಡ್ಡದಾಗಲ್ಲ.

ಇಲ್ಲಿ ಬರೀತಿರೋದೆಲ್ಲ ಬೆಂಗಳೂರು, ಮೈಸೂರು ಕಡೆ ಹವಾಮಾನಕ್ಕೆ. ಮಂಗಳೂರಲ್ಲಿ ಸೆಖೆ ಮಳೆ ಎರಡೂ ಜಾಸ್ತಿ, ಕಲಬುರಗಿ ರಾಯಚೂರಲ್ಲಿ ಬೇಸಿಗೆ ಬೇರೆ ಲೆವೆಲ್ಲು, ಅಲ್ಲಿಯವರು ನೀರಿನ ಲೆಕ್ಕನ ನಿಮ್ಮ ಬಿಸಿಲಿಗೆ ತಕ್ಕಂತೆ ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಮೊದಲು ಬ್ಯಾಗು, ಮಣ್ಣು

12 ಇಂಚು ಅಗಲ 12 ಇಂಚು ಎತ್ತರದ ಗ್ರೋ ಬ್ಯಾಗಿಗೆ ಹತ್ತತ್ರ 20 ಲೀಟರ್ ಮಣ್ಣು ಹಿಡಿಯುತ್ತೆ, ಒಂದು ಗಿಡಕ್ಕೆ ಇದು ಕನಿಷ್ಠ. 15 ಇಂಚಿಂದು ತಗೊಂಡ್ರೆ ಇದರ ಡಬಲ್ ಹಿಡಿಯುತ್ತೆ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಹಾಕೋ ಕಷ್ಟ ತಪ್ಪುತ್ತೆ, ತಾರಸಿ ಭಾರ ತಡೆಯೋದಾದ್ರೆ ಅದೇ ತಗೊಳ್ಳಿ. ದಯವಿಟ್ಟು ಎಂಟಿಂಚಿನ ಪಾಟಲ್ಲಿ ಎರಡು ಸಸಿ ನೆಡ್ಬೇಡಿ.

ಮಣ್ಣಿಗೆ ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಚೆನ್ನಾಗಿ ಕಳಿತಿರೋ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ, ಇಷ್ಟೇ ಸಾಕು. ಗೊಬ್ಬರ ಹಸಿ ಇರ್ಬಾರದು, ಮುಟ್ಟಿದ್ರೆ ಬೆಚ್ಚಗಿದ್ರೆ ಇಲ್ಲಾ ಸಗಣಿ ವಾಸನೆ ಇನ್ನೂ ಇದ್ರೆ ಮೂಲೆಯಲ್ಲಿ ಇನ್ನೊಂದು ತಿಂಗಳು ಬಿಡಿ. ಕೋಕೋಪೀಟ್ ಬಗ್ಗೆ ಒಂದ್ ವಿಷಯ: ಇಟ್ಟಿಗೆ ಥರ ಬರೋ ಬ್ಲಾಕ್ ನೆನೆಸಿದ ನೀರನ್ನ ಚೆಲ್ಲಿ, ಎರಡು ಮೂರು ಸಲ ಹೊಸ ನೀರಲ್ಲಿ ತೊಳೀಬೇಕು. ತೆಂಗಿನ ನಾರಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪು ಸಹಜವಾಗೇ ಇರುತ್ತೆ, ಅದನ್ನ ತೊಳೆಯದೆ ಹಾಕಿದ್ರೆ ಸಸಿ ಎಲೆ ಅಂಚು ಮೊದಲ ವಾರದಲ್ಲೇ ಸುಡುತ್ತೆ, ಜೊತೆಗೆ ಕೋಕೋಪೀಟ್‌ಗೆ ಕ್ಯಾಲ್ಸಿಯಂ ಮೆಗ್ನೀಷಿಯಂ ಹಿಡ್ಕೊಂಡು ಗಿಡಕ್ಕೆ ಬಿಡದೇ ಇರೋ ಗುಣ ಬೇರೆ ಇದೆ. ಇದು ಮುಂದೆ ಕ್ಯಾಲ್ಸಿಯಂ ವಿಷಯ ಬಂದಾಗ ನೆನಪಿರ್ಲಿ.

ಬ್ಯಾಗನ್ನ ಸೀದಾ ತಾರಸಿ ನೆಲದ ಮೇಲೆ ಇಡ್ಬೇಡಿ. ಎರಡು ಇಟ್ಟಿಗೆ ಇಲ್ಲಾ ಸ್ಟ್ಯಾಂಡ್ ಮೇಲೆ ಇಡಿ, ತಳದ ತೂತಿಂದ ನೀರು ಸಲೀಸಾಗಿ ಇಳಿಯುತ್ತೆ, ಏಪ್ರಿಲ್ ಮಧ್ಯಾಹ್ನ ಕಾದ ಸಿಮೆಂಟಿನ ಶಾಖ ಬೇರಿಗೆ ಹೊಡೆಯಲ್ಲ, ತಾರಸಿಗೂ ತೇವ ಹಿಡಿಯಲ್ಲ.

ನಿಮ್ಮ ನಲ್ಲೀಲಿ ಬರೋ ನೀರು ಯಾವುದು

ಗೊಬ್ಬರದ ಬಗ್ಗೆ ಗಂಟೆಗಟ್ಟಲೆ ವಿಡಿಯೋ ನೋಡೋರು ನೀರಿನ ಬಗ್ಗೆ ಯೋಚನೆನೇ ಮಾಡಲ್ಲ. ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ತೋರಿಸೋ ಟಿಡಿಎಸ್ ಮೀಟರ್ ಒಂದು ತಗೊಳ್ಳಿ, ಪೆನ್ನಿನಷ್ಟು ಉದ್ದ ಇರುತ್ತೆ, ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ. ಕಾವೇರಿ ನೀರಾದ್ರೆ ಚಿಂತೆ ಇಲ್ಲ, ಹೆಚ್ಚಂದ್ರೆ ರಾತ್ರಿ ಬಕೆಟಲ್ಲಿ ಹಿಡಿದಿಟ್ಟು ಬೆಳಗ್ಗೆ ಹಾಕಿ, ಕ್ಲೋರಿನ್ ಸ್ವಲ್ಪ ಹಾರಿ ಹೋಗಿರುತ್ತೆ. ಬೋರ್‌ವೆಲ್ ಆದ್ರೆ ಮೀಟರ್ 600, 800, ಕೆಲವು ಕಡೆ ಸಾವಿರದ ಮೇಲೂ ತೋರಿಸುತ್ತೆ. 500ರೊಳಗೆ ಇದ್ರೆ ಆರಾಮಾಗಿ ಹಾಕಿ. ಅದಕ್ಕಿಂತ ಮೇಲಿದ್ರೆ ಬೆಳೆ ಬರಲ್ಲ ಅಂತೇನಿಲ್ಲ, ಆದ್ರೆ ನೀರಿನಲ್ಲೇ ಅಷ್ಟು ಉಪ್ಪು ಇದೆ, ಅದರ ಮೇಲೆ ಫುಲ್ ಡೋಸ್ ಗೊಬ್ಬರ ಸುರಿದ್ರೆ ಬೇರು ಒದ್ದಾಡುತ್ತೆ, ಗೊಬ್ಬರ ಅರ್ಧಕ್ಕೆ ಇಳಿಸಿ, ವಾರಕ್ಕೊಂದ್ ಸಲ ತಳದಿಂದ ಚೆನ್ನಾಗಿ ಹರಿದು ಹೋಗೋ ಹಾಗೆ ಬರೀ ನೀರು ಕೊಡಿ.

ಎರಡು ಥರದ ನೀರು ಬೇಡವೇ ಬೇಡ. ಒಂದು ಆರ್‌ಓ ಫಿಲ್ಟರ್ ಹೊರಗೆ ಬಿಡೋ ವೇಸ್ಟ್ ನೀರು. ದುಡ್ಡು ಕೊಟ್ಟ ನೀರು ಹಾಳಾಗ್ಬಾರದು ಅಂತ ತುಂಬಾ ಮನೆಗಳಲ್ಲಿ ಅದನ್ನೇ ಗಿಡಕ್ಕೆ ಹಾಕ್ತಾರೆ, ಆದ್ರೆ ಫಿಲ್ಟರ್ ತೆಗೆದ ಉಪ್ಪೆಲ್ಲಾ ಇರೋದು ಅದರಲ್ಲೇ. ನೆಲ ಒರೆಸೋಕೆ, ಟಾಯ್ಲೆಟ್‌ಗೆ ಬಳಸಿ. ಇನ್ನೊಂದು ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ದೊಡ್ಡ ಕಾಂಪ್ಲೆಕ್ಸ್‌ಗಳಲ್ಲಿ ಗಡಸು ನೀರನ್ನ ಮೆದು ಮಾಡೋಕೆ ಉಪ್ಪು ಹಾಕೋ ಪ್ಲಾಂಟ್ ಇರುತ್ತಲ್ಲ, ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತೆ. ಸ್ನಾನಕ್ಕೆ ಚೆನ್ನ, ಕೂದಲಿಗೆ ಒಳ್ಳೇದು, ಬ್ಯಾಗಿನ ಗಿಡಕ್ಕೆ ನಿಧಾನ ವಿಷ. ಟಿಡಿಎಸ್ ಮೀಟರಲ್ಲಿ ಇದು ಗೊತ್ತಾಗಲ್ಲ ಯಾಕಂದ್ರೆ ಒಟ್ಟು ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಮೇಂಟೆನೆನ್ಸ್‌ನವರನ್ನ ಕೇಳಿ ಪ್ಲಾಂಟಿಗಿಂತ ಮುಂಚೆ ಇರೋ ನಲ್ಲಿ ಎಲ್ಲಿದೆ ಅಂತ ತಿಳ್ಕೊಳ್ಳಿ.

ಎಲ್ಲಕ್ಕಿಂತ ಒಳ್ಳೇದು ಮಳೆ ನೀರು. ಸಾವಿರ ಚದರಡಿ ತಾರಸಿ ಮೇಲೆ 10 ಮಿ.ಮೀ ಮಳೆ ಬಿದ್ರೂ ಹತ್ತತ್ರ 900 ಲೀಟರ್ ಆಗುತ್ತೆ, ಎರಡು ಡ್ರಮ್ ಇಟ್ಟು ಹಿಡಿದ್ರೆ ಹತ್ತು ಬ್ಯಾಗಿಗೆ ವಾರಗಟ್ಟಲೆ ಬರುತ್ತೆ, ಮೊದಲ ಮಳೆ ಧೂಳು ತೊಳೆದು ಹೋಗ್ಲಿ, ಆಮೇಲಿನದು ಹಿಡೀರಿ, ಸೊಳ್ಳೆ ಬರದ ಹಾಗೆ ಬಟ್ಟೆ ಕಟ್ಟಿ. ಎಸಿ ಪೈಪಿಂದ ತೊಟ್ಟಿಕ್ಕೋ ನೀರು, ಅಕ್ಕಿ ಬೇಳೆ ತರಕಾರಿ ತೊಳೆದ ನೀರು ಇವೂ ನಡೆಯುತ್ತೆ, ಉಪ್ಪು ಹಾಕಿ ಬೇಯಿಸಿದ ನೀರು ಮಾತ್ರ ಬೇಡ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿಯವರು ಕುಡಿಯೋ ನೀರನ್ನ ಗಾರ್ಡನ್‌ಗೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂದ್ರು ನೆನಪಿದೆಯಲ್ಲ, ಅವಾಗ ಟೆರೇಸ್ ಗಾರ್ಡನ್ ಇರೋರೆಲ್ಲ ಅಡುಗೆಮನೆ ಸಿಂಕ್ ಕೆಳಗೆ ಬಕೆಟ್ ಇಡೋಕೆ ಶುರು ಮಾಡಿದ್ದು. ಆ ಅಭ್ಯಾಸ ಬಿಡ್ಬೇಡಿ.

ನೀರು ಹಾಕೋದು

"ದಿನಾ ಒಂದು ಮಗ್ ಹಾಕ್ತೀನಿ ಸಾರ್, ಆದ್ರೂ ಗಿಡ ಬಾಡುತ್ತೆ" ಅಂತ ಕೇಳೋರು ಬಹಳ. ಸಮಸ್ಯೆ ಆ "ದಿನಾ ಒಂದು ಮಗ್" ಅನ್ನೋದರಲ್ಲೇ ಇದೆ. ಜುಲೈಯ ಮೋಡದ ದಿನಕ್ಕೆ ಅದು ಜಾಸ್ತಿ, ಏಪ್ರಿಲಿನ ಬಿಸಿಲಿಗೆ ಮೇಲಿನ ಮೂರಿಂಚು ಮಣ್ಣು ಒದ್ದೆ ಆಗೋದಕ್ಕಷ್ಟೇ ಸಾಲುತ್ತೆ, ತಳದಲ್ಲಿರೋ ಬೇರು ಒಣಗೇ ಇರುತ್ತೆ.

ಅಳೆಯೋಕೆ ಸುಲಭ ದಾರಿ ಬ್ಯಾಗಿನ ತೂಕ. ಬ್ಯಾಗ್ ಪೂರ್ತಿ ಎತ್ತೋದು ಬೇಡ, ಬೆನ್ನು ಹಿಡ್ಕೊಳ್ಳುತ್ತೆ, ಒಂದು ಕೈಯಲ್ಲಿ ಅಂಚು ಹಿಡಿದು ಸ್ವಲ್ಪ ಓರೆ ಮಾಡಿ. ಚೆನ್ನಾಗಿ ನೀರು ಕುಡಿಸಿ ತಳದಿಂದ ತೊಟ್ಟಿಕ್ಕೋದು ನಿಂತ ಮೇಲೆ ಒಂದ್ ಸಲ ಹೀಗೆ ಓರೆ ಮಾಡಿ ನೋಡಿ, ಜಗ್ಗಲ್ಲ. ಎರಡು ದಿನ ಬಿಟ್ಟು ಅದೇ ಬ್ಯಾಗನ್ನ ಓರೆ ಮಾಡಿ, ಸಲೀಸಾಗಿ ಬರುತ್ತೆ. ಈ ಎರಡರ ವ್ಯತ್ಯಾಸ ಕೈಗೆ ಗೊತ್ತಾದ್ರೆ ಆಮೇಲೆ ಯಾವ ಮೀಟರೂ ಬೇಡ. ಹಗುರ ಆಗೋಕೆ ಶುರುವಾಗಿದೆ, ಬೆರಳನ್ನ ಎರಡು ಗೆಣ್ಣಿನಷ್ಟು ಇಳಿಸಿದ್ರೆ ಮೇಲೆ ಒಣಗಿ ಕೆಳಗೆ ತಂಪು ತಗಲುತ್ತೆ ಅಂದ್ರೆ ಅದೇ ನೀರು ಹಾಕೋ ಹೊತ್ತು. ಬೆರಳಿಗೆ ಮಣ್ಣು ಅಂಟಿಕೊಂಡು ಬಂದ್ರೆ ಇವತ್ತು ಬೇಡ, ನಾಳೆ ನೋಡೋಣ.

ಹಾಕುವಾಗ ಒಂದೇ ಸಲ ಸುರೀಬೇಡಿ. ಅರ್ಧ ಲೀಟರ್ ಬ್ಯಾಗಿನ ಸುತ್ತ ಹಾಕಿ, ಪಕ್ಕದ ಬ್ಯಾಗಿಗೆ ಹೋಗಿ, ಒಂದು ಸುತ್ತು ಮುಗಿಸಿ ವಾಪಸ್ ಬಂದು ಇನ್ನರ್ಧ ಲೀಟರ್. ಮಣ್ಣು ಮೊದಲ ಸುತ್ತಲ್ಲಿ ಮೆತ್ತಗಾಗಿರುತ್ತೆ, ಎರಡನೇ ಸುತ್ತು ಒಳಗೆ ಇಳಿಯುತ್ತೆ. ತಳದಿಂದ ಸ್ವಲ್ಪ ಹೊರಗೆ ಬರೋವರೆಗೂ ಹಾಕಿ, ಒಂದು ಲೀಟರ್ ಹಾಕಿದ್ರೆ ಒಂದು ಸಣ್ಣ ಲೋಟದಷ್ಟು ಹೊರಗೆ ಬಂದ್ರೆ ಸಾಕು, ಒಳಗೆ ಕೂತ ಉಪ್ಪು ಅದರ ಜೊತೆ ಹೋಗುತ್ತೆ. ಹಾಕಿದ ತಕ್ಷಣ ಬಳಬಳ ಅಂತ ತಳದಿಂದ ಬಂದ್ಬಿಟ್ರೆ ಖುಷಿ ಪಡ್ಬೇಡಿ, ಕೋಕೋಪೀಟ್ ಪೂರ್ತಿ ಒಣಗಿ ಬ್ಯಾಗಿನ ಬದಿ ಬಿಟ್ಟಿರುತ್ತೆ, ನೀರು ಆ ಸಂದಿನಲ್ಲಿ ಇಳಿದು ಹೋಗಿರುತ್ತೆ, ನಡುವಿನ ಮಣ್ಣಿಗೆ ಹನಿನೂ ಸಿಕ್ಕಿರಲ್ಲ. ಅಂಥ ಬ್ಯಾಗನ್ನ ಅರ್ಧ ನೀರಿರೋ ಟಬ್ಬಲ್ಲಿ ಅರ್ಧ ಗಂಟೆ ಕೂರಿಸಿ, ಕೆಳಗಿಂದ ಎಳ್ಕೊಳ್ಳುತ್ತೆ.

ಎಷ್ಟು ಅಂತ ಕೇಳೋರಿಗೆ ಒಂದು ಅಂದಾಜು: ನಾಟಿ ಮಾಡಿದ ಹೊಸತರಲ್ಲಿ ಕಾಂಡದ ಸುತ್ತ ಮಾತ್ರ ಕಾಲು ಲೀಟರ್, ಪೂರ್ತಿ ಬ್ಯಾಗ್ ನೆನೆಸೋದು ಬೇಡ, ಸಣ್ಣ ಬೇರಿಗೆ ಅಷ್ಟು ನೀರು ಕುಡಿಯೋಕಾಗಲ್ಲ, ಕೊಳೆಯುತ್ತೆ. ಎರಡನೇ ವಾರದಿಂದ ಸುತ್ತು ದೊಡ್ಡದು ಮಾಡ್ತಾ ಹೋಗಿ, ಬೇರು ನೀರನ್ನ ಹುಡುಕ್ಕೊಂಡು ಹರಡುತ್ತೆ. ಹೂ ಬರೋ ಹೊತ್ತಿಗೆ ದಿನಕ್ಕೆ ಒಂದು ಲೀಟರ್ ಆಸುಪಾಸು, ಕಾಯಿ ತುಂಬಿದ ಗಿಡಕ್ಕೆ ಬೇಸಿಗೆಯಲ್ಲಿ ಒಂದೂವರೆ ಎರಡು ಲೀಟರ್, ಗಾಳಿ ಜೋರಿದ್ರೆ ಬೆಳಗ್ಗೆ ಸಂಜೆ ಹಂಚಿ ಹಾಕಿ. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಏನೂ ಹಾಕದೇ ಇರೋದೂ ಉಂಟು.

ಹೊತ್ತು ಬೆಳಗ್ಗೆನೇ ಒಳ್ಳೇದು, ಆರರಿಂದ ಎಂಟರೊಳಗೆ. ಸಂಜೆ ಹಾಕಲೇಬೇಕಾದ್ರೆ ಬುಡಕ್ಕೆ ಮಾತ್ರ. ಪೈಪ್ ಹಿಡಿದು ಗಿಡಕ್ಕೆಲ್ಲ ಸ್ನಾನ ಮಾಡಿಸೋದು ಟೊಮೆಟೊಗೆ ಆಗಿಬರಲ್ಲ, ರಾತ್ರಿಯೆಲ್ಲಾ ಎಲೆ ಒದ್ದೆ ಇದ್ರೆ ಅಂಗಮಾರಿ ಕರೆದು ಕೂರಿಸಿದ ಹಾಗೆ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಸ್ವಲ್ಪ ಜೋತುಬಿದ್ರೆ ಓಡಿಹೋಗಿ ನೀರು ಹಾಕ್ಬೇಡಿ, ಬ್ಯಾಗ್ ಓರೆ ಮಾಡಿ ನೋಡಿ, ಭಾರ ಇದ್ರೆ ಬಿಸಿಲಿಗೆ ಆಗಿರೋದು, ಸಂಜೆ ತಾನೇ ಎದ್ದು ನಿಲ್ಲುತ್ತೆ. ಬೆಳಗ್ಗೆ ಏಳಕ್ಕೂ ಜೋತುಬಿದ್ದಿದ್ರೆ ಮಾತ್ರ ಯೋಚನೆ ಮಾಡೋ ವಿಷಯ: ಬ್ಯಾಗ್ ಹಗುರ ಇದ್ರೆ ನೀರು ಬೇಕು, ಭಾರ ಇದ್ದೂ ಬಾಡಿದ್ರೆ ಬೇರು ಕೊಳೆತಿದೆ ಇಲ್ಲಾ ಸೊರಗು ರೋಗ. ಆ ಗಿಡಕ್ಕೆ ಇನ್ನೂ ನೀರು ಹಾಕಿದ್ರೆ ಮುಗೀತು ಕಥೆ.

ಮಣ್ಣಿನ ಮೇಲೆ ಎರಡಿಂಚು ಮುಚ್ಚಿಗೆ ಹಾಕಿ. ಒಣ ಎಲೆ, ಕಬ್ಬಿನ ಸಿಪ್ಪೆ, ತೆಂಗಿನ ನಾರು, ಭತ್ತದ ಹುಲ್ಲು ಏನಿದ್ರೂ ಸರಿ, ಬುಡಕ್ಕೆ ಅಂಟದ ಹಾಗೆ ಒಂದಿಂಚು ಬಿಟ್ಟು. ಇಷ್ಟು ಮಾಡಿದ್ರೆ ನೀರಿನ ಖರ್ಚು ಎದ್ದು ಕಾಣೋ ಹಾಗೆ ಕಮ್ಮಿ ಆಗುತ್ತೆ.

ಗೊಬ್ಬರ, ಗಿಡದ ವಯಸ್ಸಿಗೆ ತಕ್ಕ ಹಾಗೆ

ನಾಟಿ ಮಾಡಿ ಮೊದಲ ಹತ್ತು ದಿನ ಏನೂ ಹಾಕ್ಬೇಡಿ. ಮೂರನೇ ಒಂದು ಪಾಲು ಎರೆಹುಳು ಗೊಬ್ಬರ ಇದೆಯಲ್ಲ ಮಣ್ಣಲ್ಲಿ, ಸಸಿಗೆ ಅದೇ ಹೆಚ್ಚು. ನರ್ಸರಿಯವರು ಹೇಳ್ತಾರೆ, "ಒಂದ್ ಹಿಡಿ ಡಿಎಪಿ ಹಾಕ್ಬಿಡಿ ಮೇಡಂ, ಗಿಡ ಹೆಂಗೆ ಬರುತ್ತೆ ನೋಡ್ತಾ ಇರಿ." ಅವರು ಹೊಲದ ಲೆಕ್ಕ ಹೇಳ್ತಿರ್ತಾರೆ. ಹೊಲದಲ್ಲಿ ಬೇರು ಬೇಡದ ಕಡೆಯಿಂದ ಆಚೆ ಹೋಗುತ್ತೆ, ಮಳೆ ಬಂದ್ರೆ ಗೊಬ್ಬರ ಕೆಳಗಿಳಿಯುತ್ತೆ, ಇಪ್ಪತ್ತು ಲೀಟರ್ ಬ್ಯಾಗಲ್ಲಿ ಬೇರು ಎಲ್ಲಿಗೆ ಹೋಗ್ಬೇಕು? ಡಿಎಪಿ, ಯೂರಿಯಾ ಎರಡೂ ಬ್ಯಾಗಿನ ಹತ್ರ ತರೋದೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಹಿಡಿ ಲೆಕ್ಕದಲ್ಲಂತೂ ಖಂಡಿತ ಬೇಡ.

ಹತ್ತನೇ ದಿನದಿಂದ ಹೂ ಕಾಣೋವರೆಗೂ ಗಿಡ ಮೈ ಬೆಳೆಸೋ ಕಾಲ. ಎರಡು ದಾರಿ ಇದೆ, ನಿಮಗೆ ಯಾವುದು ಹಿಡಿಸುತ್ತೋ ಅದು. ನೀರಲ್ಲಿ ಕರಗೋ 19:19:19 (ಮೂರು ಅಂಕಿ ಕ್ರಮವಾಗಿ ಸಾರಜನಕ, ಫಾಸ್ಫರಸ್, ಪೊಟ್ಯಾಷಿಯಂ ಪ್ರಮಾಣ) ಆದ್ರೆ ಮೊದಲ ಸಲ ಲೀಟರಿಗೆ ಅರ್ಧ ಗ್ರಾಂ, ಗಿಡ ಚೆನ್ನಾಗಿದ್ರೆ ಮುಂದಿನ ವಾರದಿಂದ ಒಂದು ಗ್ರಾಂ, ವಾರಕ್ಕೆ ಒಂದು ಇಲ್ಲಾ ಎರಡು ಸಲ, ಬ್ಯಾಗಿಗೆ ಅರ್ಧದಿಂದ ಒಂದು ಲೀಟರ್. ಒಂದು ಮಟ್ಟದ ಟೀ ಚಮಚ ಹತ್ತತ್ರ ಐದು ಗ್ರಾಂ, ಅಂದ್ರೆ ಹತ್ತು ಲೀಟರ್ ಬಕೆಟಿಗೆ ಎರಡು ಮಟ್ಟದ ಚಮಚ ಹಾಕಿದ್ರೆ ಲೀಟರಿಗೆ ಒಂದು ಗ್ರಾಂ. ಗೋಪುರ ಮಾಡಿ ತುಂಬಿದ ಚಮಚ ಅಲ್ಲ, ಅದು ಡಬಲ್ ಆಗುತ್ತೆ. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕ್ಬಾರದು, ಮೊದಲು ಸ್ವಲ್ಪ ಬರೀ ನೀರು, ಆಮೇಲೆ ಅದು.

ಕೆಮಿಕಲ್ ಬೇಡ ಅನ್ನೋರಿಗೆ ಕಡಲೆಕಾಯಿ ಹಿಂಡಿ ಇದೆ, ಸಾರಜನಕ ಶೇಕಡಾ 7ರ ಹತ್ರ ಇರುತ್ತೆ. ನೂರು ಗ್ರಾಂ ಹಿಂಡಿ ಒಂದು ಲೀಟರ್ ನೀರಲ್ಲಿ ಮೂರ್ನಾಲ್ಕು ದಿನ ನೆನೆಸಿ, ದಿನಕ್ಕೊಂದ್ ಸಲ ಕೋಲಲ್ಲಿ ತಿರುಗಿಸಿ, ಸೋಸಿ ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಂದ್ ಸಲ ಹಾಕಿ. ವಾಸನೆ ಬರುತ್ತೆ, ಸುಳ್ಳು ಹೇಳಲ್ಲ, ಪಕ್ಕದ ಮನೆ ಆಂಟಿ ಬಟ್ಟೆ ಒಣಹಾಕೋ ಹೊತ್ತಿಗೆ ಮುಚ್ಚಳ ತೆಗೀಬೇಡಿ. ಹಿಂಡಿ ಪುಡಿನ ಹಾಗೇ ಮಣ್ಣಿನ ಮೇಲೆ ಉದುರಿಸಿದ್ರೆ ಇರುವೆ, ಇಲಿ ಗ್ಯಾರಂಟಿ. ಜೀವಾಮೃತ ಮಾಡೋರು ಎಕರೆ ಲೆಕ್ಕ ಬಿಟ್ಟು ಹತ್ತನೇ ಒಂದು ಮಾಡ್ಕೊಳ್ಳಿ: 20 ಲೀಟರ್ ನೀರಿಗೆ ನಾಟಿ ಹಸುವಿನ ಸಗಣಿ ಒಂದು ಕೆಜಿ, ಗಂಜಲ ಅರ್ಧದಿಂದ ಒಂದು ಲೀಟರ್, ಬೆಲ್ಲ 200 ಗ್ರಾಂ, ಕಡಲೆ ಹಿಟ್ಟೋ ಹುರುಳಿ ಹಿಟ್ಟೋ 200 ಗ್ರಾಂ, ಒಂದು ಹಿಡಿ ಒಳ್ಳೆ ಜಾಗದ ಮಣ್ಣು, ನೆರಳಲ್ಲಿ ಎರಡು ದಿನ, ಬೆಳಗ್ಗೆ ಸಂಜೆ ತಿರುಗಿಸಿ, ವಾರದೊಳಗೆ ಖಾಲಿ ಮಾಡಿ. ಜೀವಾಮೃತ ಮಣ್ಣಿನ ಜೀವಿಗಳನ್ನ ಹೆಚ್ಚಿಸುತ್ತೆ, ಅದೊಂದರಲ್ಲೇ ಬ್ಯಾಗಿನ ಟೊಮೆಟೊ ಹೊಟ್ಟೆ ತುಂಬಲ್ಲ, ಜೊತೆಗೆ ಹಿಂಡಿ ಅಥವಾ ಎರೆಹುಳು ಗೊಬ್ಬರ ಇರ್ಲೇಬೇಕು.

ಮೊಗ್ಗು ಕಂಡ ತಕ್ಷಣ ಸಾರಜನಕ ಇಳಿಸಿ. ಗಿಡ ಕಡು ಹಸಿರಾಗಿ, ಕಾಂಡ ದಪ್ಪಗಾಗಿ, ಎಲೆ ಕೆಳಮುಖ ಸುರುಳಿ ಹೋಗಿ ಹೂ ಉದುರ್ತಿದ್ರೆ ಜಾಸ್ತಿ ತಿನ್ಸಿದೀರ ಅಂತ ಅರ್ಥ, ನೋಡೋಕೆ ಗಿಡ ಭಾರೀ ಚೆನ್ನಾಗಿರುತ್ತೆ, ಫೋಟೋ ಹಾಕ್ಬಹುದು, ಹಣ್ಣು ಇರಲ್ಲ. ಈ ಹಂತದಲ್ಲಿ 0:52:34 ಲೀಟರಿಗೆ ಒಂದು ಗ್ರಾಂ, ಒಂದೆರಡು ಸಲ ಸಾಕು. ಹೀಚು ಗೋಲಿ ಗಾತ್ರ ಬಂದ್ಮೇಲೆ 13:0:45, ಲೀಟರಿಗೆ ಒಂದು ಗ್ರಾಂ ವಾರಕ್ಕೊಂದ್ ಸಲ, ಹಣ್ಣಿನ ಬಣ್ಣ ರುಚಿ ಗಟ್ಟಿತನ ಎಲ್ಲಾ ಪೊಟ್ಯಾಷಿಯಂ ಕೈಲಿರೋದು. ಸಾವಯವದಲ್ಲಿ ಮರದ ಬೂದಿ ಒಂದು ಚಮಚ ತಿಂಗಳಿಗೊಮ್ಮೆ ಹಾಕ್ತಾರೆ, ಬೋರ್‌ವೆಲ್ ನೀರಿನವರು ಬೂದಿ ಹಾಕ್ಬೇಡಿ, ಮೊದಲೇ ಕ್ಷಾರ ಇರೋ ಮಣ್ಣು ಇನ್ನೂ ಕ್ಷಾರ ಆಗಿ ಕಬ್ಬಿಣ ಗಿಡಕ್ಕೆ ಸಿಗಲ್ಲ.

ಮಾರ್ಚ್ ಏಪ್ರಿಲಲ್ಲಿ ಹೂ ಉದುರೋದಕ್ಕೆ ಇನ್ನೊಂದು ಕಾರಣ ಬರೀ ಶಾಖ. ಹಗಲು 34-35 ಡಿಗ್ರಿ ದಾಟಿ ರಾತ್ರಿನೂ ಬೆಚ್ಚಗಿದ್ರೆ ಪರಾಗ ಕೆಲಸ ಮಾಡಲ್ಲ, ಅದಕ್ಕೆ ಯಾವ ಟಾನಿಕ್ಕೂ ಇಲ್ಲ, ಮಧ್ಯಾಹ್ನಕ್ಕೆ ತೆಳು ಶೇಡ್ ನೆಟ್ ಕಟ್ಟಿ, ಬೆಳಗ್ಗೆ ಹೂಗೊಂಚಲನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ.

ಕ್ಯಾಲ್ಸಿಯಂ ಗಲಾಟೆ

ಹಣ್ಣಿನ ತಳ ಕಪ್ಪಾಗಿ ಚರ್ಮದ ಹಾಗೆ ಒಣಗಿ ಒಳಕ್ಕೆ ಕುಸಿದಿರುತ್ತಲ್ಲ, ಅದು ರೋಗ ಅಲ್ಲ, ಹುಳ ಅಲ್ಲ, ಔಷಧಿ ಹೊಡೆಯೋದು ವೇಸ್ಟು. ಆ ಹಣ್ಣು ಹೀಚಾಗಿದ್ದಾಗ ಕ್ಯಾಲ್ಸಿಯಂ ತಲುಪಿಲ್ಲ. ತಕ್ಷಣ ಎಲ್ಲರೂ ಮೊಟ್ಟೆ ಚಿಪ್ಪು ಕುಟ್ಟೋಕೆ ಕೂರ್ತಾರೆ. ಚಿಪ್ಪು ಕರಗೋಕೆ ತಿಂಗಳುಗಟ್ಟಲೆ ಬೇಕು, ಅಷ್ಟೊತ್ತಿಗೆ ಗಿಡ್ಡ ಟೊಮೆಟೊ ಬೆಳೆ ಮುಗಿದು ಬ್ಯಾಗ್ ಖಾಲಿ ಆಗಿರುತ್ತೆ, ಮಣ್ಣು ಕಲೆಸುವಾಗಲೇ ನುಣ್ಣಗೆ ಪುಡಿ ಮಾಡಿ ಹಾಕಿದ್ರೆ ಮುಂದಿನ ಬೆಳೆಗಾದ್ರೂ ಆದೀತು.

ಬಹುತೇಕ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತೆ, ನಡುವೆ ತಪ್ಪಿರೋದು ನೀರು. ಬೇರಿಂದ ಮೇಲೆ ಹೋಗೋ ನೀರಿನ ಜೊತೆನೇ ಕ್ಯಾಲ್ಸಿಯಂ ಸಾಗೋದು, ಎಲೆ ಬೆವರಿದಷ್ಟು ಎಲೆಗೆ ಹೋಗುತ್ತೆ, ಹಣ್ಣು ಬೆವರೋದು ಕಮ್ಮಿ ಆದ್ರಿಂದ ಅದಕ್ಕೆ ಮೊದಲೇ ಕಮ್ಮಿ ಪಾಲು, ಇದರ ನಡುವೆ ಶನಿವಾರ ಎರಡು ಲೀಟರ್ ಹಾಕಿ ಭಾನುವಾರ ಮರೆತು ಸೋಮವಾರ ಸಂಜೆ ಬಾಡಿದ ಗಿಡಕ್ಕೆ ಮೂರು ಲೀಟರ್ ಸುರಿದ್ರೆ ಆ ಒಂದೂವರೆ ದಿನ ಹೀಚಿಗೆ ಏನೂ ಸಿಗಲ್ಲ. ಹಣ್ಣು ಸೀಳೋದೂ ಇದೇ ಕಾರಣಕ್ಕೆ, ಒಣಗಿಸಿ ಒಮ್ಮೆಲೇ ಕುಡಿಸಿದ್ರೆ ಒಳಗೆ ಉಬ್ಬಿ ಸಿಪ್ಪೆ ತಡೆಯಲ್ಲ, ಮೇ ತಿಂಗಳ ಮೊದಲ ಜೋರು ಮಳೆ ಆದ ಮಾರನೇ ದಿನ ನೋಡಿ ಗೊತ್ತಾಗುತ್ತೆ.

ನೀರು ಸರಿ ಇದ್ದೂ ಬಂದ್ರೆ, ಅದರಲ್ಲೂ ಕೋಕೋಪೀಟ್ ಜಾಸ್ತಿ ಇರೋ ಬ್ಯಾಗಲ್ಲಿ, ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ ಒಂದು ಗ್ರಾಂ, ಹತ್ತು ದಿನಕ್ಕೊಂದ್ ಸಲ, ಹೂ ಶುರುವಾದಾಗಿಂದ. ಇದನ್ನ ಬೇರೆ ಗೊಬ್ಬರದ ಜೊತೆ ಒಂದೇ ಬಕೆಟಲ್ಲಿ ಬೆರೆಸ್ಬೇಡಿ. ಬೇಕಾದ್ರೆ ಒಂದು ಲೋಟದಲ್ಲಿ ಟೆಸ್ಟ್ ಮಾಡಿ ನೋಡಿ: ಸ್ವಲ್ಪ ನೀರಲ್ಲಿ ಒಂದು ಚಮಚ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಕನ್ನಡಿ ಥರ ತಿಳಿಯಾಗಿರುತ್ತೆ, ಇನ್ನೊಂದು ಲೋಟದಲ್ಲಿ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಕರಗಿಸಿ, ಅದೂ ತಿಳಿ, ಎರಡನ್ನೂ ಸೇರಿಸಿ, ಬೆಳ್ಳಗೆ ಕದಡಿ ತಳದಲ್ಲಿ ಬಿಳಿ ಪುಡಿ ಕೂರೋಕೆ ಶುರುವಾಗುತ್ತೆ. ಅದು ಜಿಪ್ಸಂ, ಬೇಗ ಕರಗಲ್ಲ. ಫಾಸ್ಫರಸ್ ಇರೋ ಗೊಬ್ಬರದ ಜೊತೆನೂ ಇದೇ ಗತಿ. ಸೋಮವಾರ ಒಂದು, ಗುರುವಾರ ಒಂದು ಅಂತ ದಿನ ಬೇರೆ ಮಾಡ್ಕೊಳ್ಳಿ.

ಎಲೆ ಏನ್ ಹೇಳುತ್ತೆ

ತಳದ ಹಳೇ ಎಲೆ ಪೂರ್ತಿ ಹಳದಿ ಆಗ್ತಾ ಬಂದ್ರೆ ಸಾರಜನಕ ಕಮ್ಮಿ. ತಳದ ಎಲೆಯಲ್ಲೇ ನರ ಹಸಿರಿದ್ದು ನಡುವೆ ಹಳದಿ ಅಂದ್ರೆ ಮೆಗ್ನೀಷಿಯಂ, ಎಪ್ಸಮ್ ಸಾಲ್ಟ್ ಲೀಟರಿಗೆ ಎರಡು ಗ್ರಾಂ, ಸಂಜೆ ಹೊತ್ತು ಎಲೆ ಮೇಲೆ ಸಣ್ಣಗೆ ಸ್ಪ್ರೇ ಮಾಡಿ, ಕತ್ತಲಾಗೋದರೊಳಗೆ ಒಣಗೋ ಹಾಗೆ. ಅದೇ ಗುರುತು ತುದಿಯ ಎಳೇ ಎಲೆಯಲ್ಲಿ ಕಂಡ್ರೆ ಕಬ್ಬಿಣ, ಬೋರ್‌ವೆಲ್ ಮನೆಗಳಲ್ಲಿ ಇದು ಸಾಮಾನ್ಯ. ಇಂಥ ಸಣ್ಣಪುಟ್ಟ ಪೋಷಕಾಂಶಗಳಿಗೆ ಐಐಹೆಚ್‌ಆರ್‌ನವರ ಅರ್ಕಾ ವೆಜಿಟೆಬಲ್ ಸ್ಪೆಷಲ್ ಅಂತ ಪುಡಿ ಬರುತ್ತೆ, ಪ್ಯಾಕೆಟ್ ಮೇಲೆ ಬರೆದಿರೋ ಪ್ರಮಾಣ ಮೀರಬೇಡಿ. ಹಳೇ ಎಲೆ ಅಂಚು ಕಂದಾಗಿ ಸುಟ್ಟಂಗಿದ್ರೆ ಎರಡು ಅರ್ಥ ಇದೆ, ಪೊಟ್ಯಾಷಿಯಂ ಕಮ್ಮಿ ಇರಬಹುದು ಇಲ್ಲಾ ಉಪ್ಪು ಜಾಸ್ತಿ ಆಗಿರಬಹುದು. ಬ್ಯಾಗಿನ ಅಂಚಲ್ಲಿ, ತಳದ ತೂತಿನ ಹತ್ರ ಬಿಳಿ ಪುಡಿ ಕಟ್ಟಿದೆಯಾ ನೋಡಿ, ಇದ್ರೆ ಉಪ್ಪೇ. ಬ್ಯಾಗ್ ಎಷ್ಟು ಲೀಟರಿಂದೋ ಅದರ ಎರಡರಷ್ಟು ಒಳ್ಳೆ ನೀರು ನಿಧಾನಕ್ಕೆ ಹರಿಸಿ ತೊಳೀರಿ, ಆಮೇಲೆ ಹದ ಆಗೋವರೆಗೂ ಬಿಡಿ, ಒಂದು ವಾರ ಗೊಬ್ಬರ ಬಂದ್.

ತುದಿ ಎಲೆ ಸಣ್ಣದಾಗಿ ಮೇಲ್ಮುಖ ಮುದುರಿ, ಗಿಡ ಅಲ್ಲೇ ಕುಗ್ಗಿ ನಿಂತಿದ್ರೆ ಅದು ಗೊಬ್ಬರದ ಸಮಸ್ಯೆ ಅಲ್ಲವೇ ಅಲ್ಲ, ಬಿಳಿ ನೊಣ ತಂದ ಮುಟುರು ರೋಗ. ಗಿಡ ಕಿತ್ತು ಕವರಲ್ಲಿ ಕಟ್ಟಿ ಬಿಸಾಕಿ, ಕಾಂಪೋಸ್ಟ್‌ಗೂ ಬೇಡ. ಹೂ ಬಂದಿರೋ ಗಿಡ ಕೀಳೋಕೆ ಮನಸ್ಸು ಬರಲ್ಲ ನಿಜ, ಬಿಟ್ರೆ ಪಕ್ಕದ ಐದು ಬ್ಯಾಗಿಗೂ ಹರಡುತ್ತೆ.

ಗಿಡ್ಡ ತಳಿಯಲ್ಲಿ ಕಂಕುಳ ಕುಡಿ ಚಿವುಟೋ ಕೆಲಸ ಬೇಡ, ಹಣ್ಣು ಬಿಡೋದೇ ಆ ಕುಡಿಗಳಲ್ಲಿ. ನೆಲಕ್ಕೆ ತಾಗೋ ತಳದ ಎಲೆ ನಾಲ್ಕೈದು ತೆಗೆದ್ರೆ ಸಾಕು.

ಊರಿಗೆ ಹೋಗುವಾಗ

ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗೋರು ಹಿಂದಿನ ದಿನ ಗೊಬ್ಬರ ಹಾಕ್ಬೇಡಿ, ಬರೀ ನೀರು ಚೆನ್ನಾಗಿ ಕುಡಿಸಿ, ಬ್ಯಾಗ್‌ಗಳನ್ನೆಲ್ಲ ಗೋಡೆ ನೆರಳಿಗೆ ಒತ್ತೊತ್ತಾಗಿ ಸೇರಿಸಿ, ಮುಚ್ಚಿಗೆ ದಪ್ಪ ಮಾಡಿ. ಎರಡು ಲೀಟರ್ ಬಾಟಲಿಗೆ ಹತ್ತಿ ದಾರದ ಬತ್ತಿ ಇಟ್ಟು ಮಣ್ಣಿಗೆ ಇಳಿಸಿದ್ರೆ ಎರಡು ಮೂರು ದಿನ ನಡೆಯುತ್ತೆ. ಹತ್ತು ಬ್ಯಾಗಿಗಿಂತ ಜಾಸ್ತಿ ಇದ್ರೆ ಡ್ರಿಪ್ ಕಿಟ್ಟೇ ಸರಿ, ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಇದ್ರೆ ಟೈಮರ್ ಹದಿನೈದು ನಿಮಿಷಕ್ಕೆ ಇಟ್ರೆ ಒಂದು ಲೀಟರ್ ಆಯ್ತು. ಆದ್ರೆ ಡ್ರಮ್ಮಿಂದ ಬರೀ ಎತ್ತರದ ಒತ್ತಡಕ್ಕೆ ಅಷ್ಟು ಬರಲ್ಲ, ಹೊರಡೋಕೆ ವಾರ ಮುಂಚೆನೇ ಹಾಕಿ, ಕೊನೆಯ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಹದಿನೈದು ನಿಮಿಷಕ್ಕೆ ಎಷ್ಟು ತುಂಬುತ್ತೆ ಅಳೆದು ಟೈಮ್ ಸೆಟ್ ಮಾಡಿ. ಬೋರ್‌ವೆಲ್ ನೀರಾದ್ರೆ ಡ್ರಿಪ್ಪರ್ ಬಾಯಿ ಸುಣ್ಣ ಕಟ್ಟುತ್ತೆ, ತಿಂಗಳಿಗೊಮ್ಮೆ ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿ. ಪಕ್ಕದ ಮನೆಯವರಿಗೆ ಹೇಳಿ ಹೋಗೋದಾದ್ರೆ "ದಿನಾ ನೀರು ಹಾಕಿ" ಅನ್ಬೇಡಿ, ಒಂದು ಮಗ್ ತೋರಿಸಿ ಲೆಕ್ಕ ಹೇಳಿ, ಪ್ರೀತಿಗೆ ಹತ್ತು ಮಗ್ ಹಾಕಿಬಿಡ್ತಾರೆ.

ಬೆಳೆ ಮುಗಿಯೋ ಹೊತ್ತು

ಅರ್ಧಕ್ಕರ್ಧ ಕಾಯಿ ದೋರಗಾಯಿ ಆದಾಗ ಗೊಬ್ಬರ ಪೂರ್ತಿ ನಿಲ್ಲಿಸಿ. ನೀರನ್ನ ಕಾಲು ಭಾಗ ಇಳಿಸಿದ್ರೆ ರುಚಿ ಗಟ್ಟಿ ಆಗುತ್ತೆ, ಬಾಡೋ ಮಟ್ಟಕ್ಕೆ ಇಳಿಸ್ಬೇಡಿ. ಬಣ್ಣ ತಿರುಗಿದ ಹಣ್ಣು ಗಿಡದಲ್ಲೇ ಬಿಡಬೇಕು ಅಂತಿಲ್ಲ, ಮಳೆ ಬರೋ ಸೂಚನೆ ಇದ್ರೆ ಕಿತ್ತು ಅಡುಗೆಮನೆಯಲ್ಲಿ ಪೇಪರ್ ಮೇಲೆ ಇಡಿ, ಎರಡು ಮೂರು ದಿನಕ್ಕೆ ಕೆಂಪಾಗುತ್ತೆ, ಫ್ರಿಜ್ಜಲ್ಲಿ ಇಟ್ರೆ ರುಚಿ ಹೋಗುತ್ತೆ.

ಕೊನೆ ಹಣ್ಣು ಕಿತ್ತ ಮೇಲೆ ಗಿಡನ ಬುಡದಲ್ಲಿ ಕತ್ತರಿಸಿ, ಮಣ್ಣನ್ನ ಪೇಪರ್ ಮೇಲೆ ಹರಡಿ ಬೇರು ಆರಿಸಿ ತೆಗೆದು ಒಂದು ವಾರ ಬಿಸಿಲಿಗೆ ಬಿಡಿ. ಬೇರಲ್ಲಿ ಗಂಟುಗಂಟು ಇದ್ರೆ ಬೇರಿಗೆ ಬೀಳೋ ಜಂತುಹುಳ ಇದೆ ಅಂತ ಲೆಕ್ಕ, ಆ ಮಣ್ಣು ತರಕಾರಿಗೆ ವಾಪಸ್ ಬೇಡ. ಚೆನ್ನಾಗಿದ್ರೆ ಕಾಲು ಭಾಗ ಹೊಸ ಎರೆಹುಳು ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕಲೆಸಿ ಮತ್ತೆ ತುಂಬಿ, ಆದ್ರೆ ಅದೇ ಬ್ಯಾಗಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಎಲ್ಲಾ ಒಂದೇ ಕುಲ, ಒಂದೇ ರೋಗ. ಒಂದು ಸಲ ಮೆಂತ್ಯ ಸೊಪ್ಪೋ ಹುರುಳಿಕಾಯೋ ಹಾಕಿ ತೆಗೀರಿ, ಆಮೇಲೆ ಟೊಮೆಟೊ ಸಸಿ ತರೋದು.